ಮಗಳ ದಿನಚರಿ, ತಂದೆಯ ಅಕ್ಷರ

ಜರ್ಮನಿಯ ಲೈಪ್‌ಜಿಗ್ ನಗರದ ಒಂದು ಮನೆಯಲ್ಲಿ 1827ರಲ್ಲಿ ಏಳು ವರ್ಷದ ಬಾಲಕಿಯೊಬ್ಬಳ ಹೆಸರಿನಲ್ಲಿ ದಿನಚರಿಯ ಪುಸ್ತಕವೊಂದು ಆರಂಭವಾಯಿತು. ಹುಟ್ಟಿದ ದಿನ, ತಂದೆತಾಯಿಯರ ಹೆಸರು, ಕಲಿತ ಪಾಠ, ನುಡಿಸಿದ ಕೃತಿ, ಕೇಳಿದ ಹೊಗಳಿಕೆ, ತಿಂದ ಬೈಗುಳ, ಎಲ್ಲವೂ ಅದರಲ್ಲಿ ಕ್ರಮವಾಗಿ ದಾಖಲಾಗುತ್ತ ಹೋದವು. ಬರವಣಿಗೆ ಉತ್ತಮಪುರುಷದಲ್ಲಿತ್ತು. ‘ನಾನು’, ‘ನನ್ನ ತಂದೆ’ ಎಂದೇ ವಾಕ್ಯಗಳು ಸಾಗುತ್ತಿದ್ದವು. ಆದರೆ ಆ ಅಕ್ಷರಗಳು ಬಾಲಕಿಯವಲ್ಲ. ಮಗಳ ಪರವಾಗಿ, ಮಗಳ ‘ನಾನು’ ಆಗಿ ತಂದೆಯೇ ಕುಳಿತು ಬರೆಯುತ್ತಿದ್ದನು. ಮಗಳನ್ನು ಗದರಿದ ದಿನ, ತನ್ನ ಹಟಮಾರಿತನಕ್ಕೆ ತಂದೆ ನೊಂದನೆಂದು ಮಗಳೇ ಒಪ್ಪಿಕೊಂಡಂತೆ ಅವನೇ ಬರೆದುಕೊಳ್ಳುತ್ತಿದ್ದನು. ಬಾಲಕಿ ದೊಡ್ಡವಳಾದ ಮೇಲೆಯೂ ಎಷ್ಟೋ ಪುಟಗಳನ್ನು ತಂದೆ ಬರೆದನು, ಇಲ್ಲವೆ ಹೇಳಿ ಬರೆಯಿಸಿದನು.

ಆ ಬಾಲಕಿಯ ಹೆಸರು ಕ್ಲಾರಾ ಯೋಸೆಫೀನ್ ವೀಕ್. ಲೋಕ ಮುಂದೆ ಆಕೆಯನ್ನು ಕ್ಲಾರಾ ಶೂಮನ್ ಎಂದು ಕರೆಯಿತು. ಹತ್ತೊಂಬತ್ತನೆಯ ಶತಮಾನದ ಯೂರೋಪಿನ ಅತಿ ಶ್ರೇಷ್ಠ ಪಿಯಾನೊ ವಾದಕರ ಸಾಲಿನಲ್ಲಿ ನಿಂತವಳು, ಸ್ವತಃ ಸಂಗೀತ ಕೃತಿಗಳನ್ನು ರಚಿಸಿದವಳು, ಎಂಟು ಮಕ್ಕಳ ತಾಯಿ. ತನ್ನ ಮದುವೆಯ ಒಪ್ಪಿಗೆಗಾಗಿ ಹೆತ್ತ ತಂದೆಯ ವಿರುದ್ಧ ನ್ಯಾಯಾಲಯದ ಮೆಟ್ಟಿಲು ಹತ್ತಿದವಳೂ ಹೌದು. ಮಗುವಿನ ಪ್ರತಿಭೆ ಯಾರ ಸ್ವತ್ತು ಎಂಬ ಪ್ರಶ್ನೆಯನ್ನು ಆಕೆಯ ಬಾಳಿನಷ್ಟು ಸ್ಪಷ್ಟವಾಗಿ ಮುಂದಿಟ್ಟ ಉದಾಹರಣೆಗಳು ಸಂಗೀತದ ಇತಿಹಾಸದಲ್ಲಿ ಹೆಚ್ಚಿಲ್ಲ.

ಕ್ಲಾರಾ ಹುಟ್ಟಿದ್ದು 1819ರ ಸೆಪ್ಟೆಂಬರ್ 13ರಂದು. ತಂದೆ ಫ್ರೀಡ್ರಿಕ್ ವೀಕ್ ಪಿಯಾನೊ ಶಿಕ್ಷಕ; ಪಿಯಾನೊಗಳ ಮಾರಾಟವೂ ಅವನ ಜೀವನೋಪಾಯವಾಗಿತ್ತು. ತಾಯಿ ಮರಿಯಾನೆ ಗಾಯಕಿ, ಪಿಯಾನೊ ವಾದಕಿ. ಲೈಪ್‌ಜಿಗ್‌ನ ಪ್ರಸಿದ್ಧ ಸಂಗೀತ ಸಭಾಂಗಣವಾದ ಗೆವಾಂಡ್‌ಹೌಸ್‌ನಲ್ಲಿ ಹಾಡಿದವಳು. ದಂಪತಿಗಳ ನಡುವೆ ಹೊಂದಾಣಿಕೆ ಉಳಿಯಲಿಲ್ಲ. 1824ರಲ್ಲಿ ಮರಿಯಾನೆ ಗಂಡನ ಮನೆ ತೊರೆದಳು, ಮರುವರ್ಷ ವಿಚ್ಛೇದನವಾಯಿತು. ಅಂದಿನ ಸ್ಯಾಕ್ಸನಿಯ ಕಾನೂನಿನಂತೆ ಮಕ್ಕಳು ತಂದೆಗೆ ಸೇರಿದವರು. ಐದನೆಯ ಹುಟ್ಟುಹಬ್ಬದವರೆಗೆ ಮಾತ್ರ ಕ್ಲಾರಾಳನ್ನು ತಾಯಿಯ ಬಳಿ ಇರಲು ಬಿಡಲಾಯಿತು. ಅದಾದ ಕೆಲವೇ ದಿನಗಳಲ್ಲಿ ಮಗು ತಂದೆಯ ಮನೆಗೆ ಮರಳಬೇಕಾಯಿತು. ಮರಿಯಾನೆ ಮರುಮದುವೆಯಾಗಿ ಬರ್ಲಿನ್ ಸೇರಿದಳು.

ಈ ಮಗು ನಾಲ್ಕು ವರ್ಷ ದಾಟುವವರೆಗೆ ಮಾತನಾಡಲಿಲ್ಲ. ನೋಡಿಕೊಳ್ಳುತ್ತಿದ್ದ ಸೇವಕಿಯೂ ಮಾತು ಕಡಿಮೆಯವಳು. ತಂದೆತಾಯಿಯರ ನಡುವಿನ ಮಾತಂತೂ ಮಗು ಕಲಿಯಬೇಕಾದಂಥ ಮಾತಾಗಿರಲಿಲ್ಲ. ಮಗುವಿಗೆ ಕಿವಿ ಮಂದವೆಂದು ಮನೆಯವರು ಭಾವಿಸಿದ್ದರು. ಆದರೆ ಪಿಯಾನೊ ನುಡಿಸಿದರೆ ಅದೇ ಕಿವಿ ಪ್ರತಿಯೊಂದು ಸ್ವರವನ್ನೂ ಹಿಡಿಯುತ್ತಿತ್ತು. ಕೇಳಿದ್ದನ್ನು ಬೆರಳು ನೆನಪಿಟ್ಟುಕೊಳ್ಳುತ್ತಿತ್ತು. ಮನೆಯಲ್ಲೊಂದು, ಬೀದಿಯಲ್ಲೊಂದು, ಶಾಲೆಯಲ್ಲೊಂದು ನುಡಿಯ ನಡುವೆ ಮಕ್ಕಳನ್ನು ಬೆಳೆಸುವ ತಂದೆತಾಯಿಯರು ಈ ಸಂಗತಿಯನ್ನು ಗಮನಿಸಬಹುದು. ಮಾತು ತಡವಾಯಿತೆಂಬ ಒಂದೇ ಕಾರಣಕ್ಕೆ ಮಗುವನ್ನು ದಡ್ಡನೆಂದೋ ಕಿವುಡನೆಂದೋ ತೀರ್ಮಾನಿಸುವ ಆತುರ ಅಂದೂ ಇತ್ತು, ಇಂದೂ ಇದೆ.

ವೀಕ್ ಕ್ರೂರಿಯಾದ ಶಿಕ್ಷಕನಾಗಿರಲಿಲ್ಲ, ಲೆಕ್ಕಾಚಾರದ ಶಿಕ್ಷಕನಾಗಿದ್ದನು. ದಿನಕ್ಕೆ ಒಂದು ಗಂಟೆ ಪಾಠ, ಎರಡು ಗಂಟೆ ಅಭ್ಯಾಸ. ಬಳಿಕ ತೆರೆದ ಗಾಳಿಯಲ್ಲಿ ದೀರ್ಘ ನಡಿಗೆ. ಪಿಯಾನೊದ ಜೊತೆಗೆ ಗಾಯನ, ಪಿಟೀಲು, ಸಂಗೀತಶಾಸ್ತ್ರ, ರಚನಾವಿಧಾನಗಳನ್ನೂ ಒಳ್ಳೆಯ ಗುರುಗಳಿಂದ ಕಲಿಸಿದನು. ಮುಂದೆ ಪರದೇಶಗಳಲ್ಲಿ ಬೇಕಾಗುವುದೆಂದು ಫ್ರೆಂಚ್, ಇಂಗ್ಲಿಷ್ ಭಾಷೆಗಳನ್ನು ಕಲಿಸಿದನು. ಶಾಲೆಗೆ ಮಾತ್ರ ಒಂದೂವರೆ ವರ್ಷಕ್ಕಿಂತ ಹೆಚ್ಚು ಕಳುಹಿಸಲಿಲ್ಲ. ಓರಗೆಯ ಮಕ್ಕಳೊಡನೆ ಆಡಿ ಬೆಳೆಯುವ ಭಾಗ್ಯ ಆ ವೇಳಾಪಟ್ಟಿಯಲ್ಲಿ ಸೇರಿರಲಿಲ್ಲ.

ಫಲ ಬೇಗನೆ ಕಾಣಿಸಿತು. 1828ರ ಅಕ್ಟೋಬರ್ 20ರಂದು, ಒಂಬತ್ತು ತುಂಬಿ ಒಂದು ತಿಂಗಳಾಗಿದ್ದಾಗ, ಕ್ಲಾರಾ ಗೆವಾಂಡ್‌ಹೌಸ್‌ನಲ್ಲಿ ಮತ್ತೊಬ್ಬ ಕಲಾವಿದೆಯ ಕಚೇರಿಯಲ್ಲಿ ಮೊದಲ ಬಾರಿಗೆ ಸಾರ್ವಜನಿಕವಾಗಿ ನುಡಿಸಿದಳು. 1830ರ ನವೆಂಬರ್ 8ರಂದು ಅದೇ ಸಭಾಂಗಣದಲ್ಲಿ ಆಕೆಯ ಸ್ವಂತ ಕಚೇರಿ ನಡೆಯಿತು. ಮರುವರ್ಷ ನಾಲ್ಕು ಪೊಲೊನೇಸ್ ನೃತ್ಯಕೃತಿಗಳು ಆಕೆಯ ಮೊದಲ ಪ್ರಕಟಿತ ರಚನೆಯಾಗಿ ಅಚ್ಚಾದವು. ಪ್ಯಾರಿಸ್‌ಗೆ ಹೊರಟ ತಂದೆ ಮಗಳು ದಾರಿಯಲ್ಲಿ ವೈಮಾರ್‌ನಲ್ಲಿ ತಂಗಿದಾಗ, ಎಂಬತ್ತು ದಾಟಿದ್ದ ಮಹಾಕವಿ ಗಯಟೆ ಆ ಹುಡುಗಿಯ ವಾದನ ಕೇಳಿ, ತನ್ನ ಮುಖಚಿತ್ರವಿದ್ದ ಪದಕವನ್ನು ಉಡುಗೊರೆಯಾಗಿತ್ತನು.

ಅಂದಿನ ವಾದಕರು ತಮ್ಮ ಕಚೇರಿಗೆ ತಾವೇ ಕೃತಿಗಳನ್ನು ರಚಿಸಿಕೊಳ್ಳುವುದು ರೂಢಿಯಾಗಿತ್ತು. ಕ್ಲಾರಾ ಹದಿಮೂರು ಹದಿನಾಲ್ಕರ ಹರೆಯದಲ್ಲಿ ಒಂದು ದೊಡ್ಡ ಕೆಲಸಕ್ಕೆ ಕೈಹಾಕಿದಳು. ಅದು ಪಿಯಾನೊ ಕನ್ಸರ್ಟೊ. ಎಂದರೆ ಒಂದು ವಾದ್ಯವು ಇಡೀ ವಾದ್ಯವೃಂದದೊಡನೆ ಸಂವಾದ ನಡೆಸುವ, ಸಾಮಾನ್ಯವಾಗಿ ಮೂರು ಭಾಗಗಳ ದೀರ್ಘ ಕೃತಿ. 1835ರ ನವೆಂಬರ್ 9ರಂದು ಗೆವಾಂಡ್‌ಹೌಸ್‌ನಲ್ಲಿ ಫೆಲಿಕ್ಸ್ ಮೆಂಡೆಲ್‌ಸನ್‌ನ ನಿರ್ದೇಶನದಲ್ಲಿ ಅದು ಪೂರ್ಣವಾಗಿ ಮೊದಲು ನುಡಿಯಿತು. ಪಿಯಾನೊದ ಮುಂದೆ ಕುಳಿತ ರಚನಕಾರ್ತಿಗೆ ಆಗ ಹದಿನಾರು ವರ್ಷ. 1838ರಲ್ಲಿ ವಿಯೆನ್ನಾ ನಗರ ಆಕೆಗೆ ಮನಸೋತಿತು. ಚಕ್ರವರ್ತಿಯು ಆಸ್ಥಾನ ವಾದಕಿಯ ಬಿರುದನ್ನಿತ್ತನು. ಪರದೇಶದವಳು, ಪ್ರಾಟೆಸ್ಟೆಂಟ್ ಮತದವಳು, ಹದಿನೆಂಟರ ಯುವತಿ. ಈ ಮೂರೂ ಒಂದಾದವಳಿಗೆ ಆ ಗೌರವ ಸಲ್ಲುವುದು ಅಪರೂಪವಾಗಿತ್ತು.

ಇಷ್ಟರಲ್ಲಿ ಕತೆಗೆ ಇನ್ನೊಬ್ಬನ ಪ್ರವೇಶವಾಗಿತ್ತು. ರಾಬರ್ಟ್ ಶೂಮನ್ 1828ರಲ್ಲಿ ತಾಯಿಯ ಇಚ್ಛೆಯಂತೆ ಕಾನೂನು ಓದಲು ಲೈಪ್‌ಜಿಗ್ ವಿಶ್ವವಿದ್ಯಾಲಯಕ್ಕೆ ಬಂದವನು. ಅವನ ಮನಸ್ಸು ಸಂಹಿತೆಗಳಲ್ಲಿ ನಿಲ್ಲಲಿಲ್ಲ. ಮೂರು ವರ್ಷಗಳಲ್ಲಿ ಆತನನ್ನು ದೊಡ್ಡ ಪಿಯಾನೊ ವಾದಕನನ್ನಾಗಿ ಮಾಡುವೆನೆಂದು ವೀಕ್‌ನೇ ಆತನ ತಾಯಿಗೆ ಪತ್ರ ಬರೆದು ಒಪ್ಪಿಸಿದನು. 1830ರಲ್ಲಿ ರಾಬರ್ಟ್ ಕಾನೂನಿಗೆ ಬೆನ್ನು ತಿರುಗಿಸಿ ವೀಕ್‌ನ ಮನೆಯಲ್ಲೇ ಶಿಷ್ಯನಾಗಿ ನೆಲೆಸಿದನು. ಬೆರಳಿಗೆ ಆದ ತೊಂದರೆಯಿಂದ ವಾದಕನಾಗುವ ಕನಸು ಮುರಿಯಿತು. ಆತ ರಚನಕಾರನಾದನು, ಸಂಗೀತ ಪತ್ರಿಕೆಯೊಂದರ ಸಂಪಾದಕನಾದನು. ಒಂಬತ್ತು ವರ್ಷ ಚಿಕ್ಕವಳಾದ ಕ್ಲಾರಾಳೊಡನೆ ಬೆಳೆದ ಸ್ನೇಹ ಪ್ರೀತಿಯಾಯಿತು. 1837ರ ಆಗಸ್ಟ್‌ನಲ್ಲಿ ಇಬ್ಬರೂ ಗುಟ್ಟಾಗಿ ಮಾತು ಕೊಟ್ಟುಕೊಂಡರು. ಅದೇ ಸೆಪ್ಟೆಂಬರ್ 13ರಂದು, ಕ್ಲಾರಾಳ ಹದಿನೆಂಟನೆಯ ಹುಟ್ಟುಹಬ್ಬದ ದಿನ, ರಾಬರ್ಟ್ ಪತ್ರ ಬರೆದು ವೀಕ್‌ನಲ್ಲಿ ಹೆಣ್ಣು ಕೇಳಿದನು.

ವೀಕ್ ಒಪ್ಪಲಿಲ್ಲ. ಸ್ಥಿರ ವರಮಾನವಿಲ್ಲದವನಿಗೆ ಮಗಳನ್ನು ಕೊಡಲು ಹಿಂಜರಿಯುವ ತಂದೆಯನ್ನು ಯಾವ ಕಾಲವೂ ತಪ್ಪು ಎನ್ನದು. ಆದರೆ ಅವನ ವಿರೋಧ ಅಷ್ಟಕ್ಕೇ ನಿಲ್ಲಲಿಲ್ಲ. ಪತ್ರಗಳನ್ನು ತಡೆದನು, ಭೇಟಿಗಳನ್ನು ನಿಷೇಧಿಸಿದನು. 1839ರ ಆರಂಭದಲ್ಲಿ, ತನ್ನ ನೆರವಿಲ್ಲದೆ ಆಕೆಯಿಂದ ಏನೂ ಆಗದೆಂಬ ಎಣಿಕೆಯಿಂದಲೋ ಏನೋ, ಪ್ಯಾರಿಸ್ ಪ್ರವಾಸಕ್ಕೆ ಆಕೆಯನ್ನು ತಾನಿಲ್ಲದೆಯೇ ಕಳುಹಿಸಿದನು. ಹತ್ತೊಂಬತ್ತರ ಕ್ಲಾರಾ ಅಲ್ಲಿ ತಾನೇ ಮನೆ ಹಿಡಿದು, ತಾನೇ ಕಚೇರಿ ಗೊತ್ತುಮಾಡಿಕೊಂಡು, ತಾನೇ ಲೆಕ್ಕ ಬರೆದುಕೊಂಡು ತಿಂಗಳುಗಳನ್ನು ಕಳೆದಳು. ವಿವಾಹಕ್ಕೆ ನ್ಯಾಯಾಲಯದ ಅನುಮತಿ ಕೋರುವ ಕಾಗದಕ್ಕೆ ಆಕೆ ಸಹಿ ಮಾಡಿದ್ದೂ ಪ್ಯಾರಿಸ್‌ನಲ್ಲಿಯೇ.

ಸ್ಯಾಕ್ಸನಿಯಲ್ಲಿ ವಿವಾಹಕ್ಕೆ ತಂದೆತಾಯಿಯರ ಸಮ್ಮತಿ ಬೇಕಿತ್ತು. ತಾಯಿ ಮರಿಯಾನೆ ಲಿಖಿತ ಒಪ್ಪಿಗೆ ಕೊಟ್ಟಳು. ತಂದೆ ಕಾರಣವಿಲ್ಲದೆ ನಿರಾಕರಿಸುತ್ತಿದ್ದಾನೆ, ಆತನ ಸಮ್ಮತಿಯ ಸ್ಥಾನದಲ್ಲಿ ನ್ಯಾಯಾಲಯವೇ ಸಮ್ಮತಿ ಕೊಡಬೇಕು ಎಂಬುದು 1839ರ ಜುಲೈಯಲ್ಲಿ ಲೈಪ್‌ಜಿಗ್‌ನಲ್ಲಿ ಸಲ್ಲಿಸಿದ ಅರ್ಜಿಯ ಸಾರ. ಕ್ಲಾರಾ ಪ್ಯಾರಿಸ್‌ನಿಂದ ಮರಳಿದಾಗ ತಂದೆಯ ಮನೆಯ ಬಾಗಿಲು ಆಕೆಗೆ ಮುಚ್ಚಿತ್ತು. ಹದಿನೈದು ವರ್ಷಗಳ ಹಿಂದೆ ಕಾನೂನು ಯಾವ ತಾಯಿಯಿಂದ ಆಕೆಯನ್ನು ಅಗಲಿಸಿತ್ತೋ, ಆ ತಾಯಿಯ ಬರ್ಲಿನ್ ಮನೆಯಲ್ಲಿಯೇ ಆಕೆಗೆ ಆಶ್ರಯ ದೊರೆಯಿತು.

ಸಂಧಾನಕ್ಕೆ ವೀಕ್ ಮುಂದಿಟ್ಟ ಷರತ್ತುಗಳನ್ನು ಓದಿದರೆ ವಿವಾದದ ತಿರುಳು ಗೋಚರಿಸುತ್ತದೆ. ಕಚೇರಿಗಳಿಂದ ಮಗಳು ಸಂಪಾದಿಸಿದ ಹಣ ತನ್ನ ಬಳಿ ಉಳಿದಿತ್ತಷ್ಟೆ. ಅದನ್ನು ಆಕೆ ಬಿಟ್ಟುಕೊಡಬೇಕು. ತನ್ನ ಮನೆಯಲ್ಲಿದ್ದ ಆಕೆಯದೇ ಪಿಯಾನೊ ಮತ್ತು ಸಾಮಾನುಗಳು ಬೇಕಾದರೆ ಹಣ ತೆತ್ತು ಬಿಡಿಸಿಕೊಳ್ಳಬೇಕು. ತರಬೇತಿ ತನ್ನದು, ಓಡಾಟ ತನ್ನದು, ಆದುದರಿಂದ ಫಲವೂ ತನ್ನದೇ ಎಂಬುದು ಅವನ ವಾದದ ಒಳಗಿನ ಎಳೆ. ನ್ಯಾಯಾಲಯದಲ್ಲಿ ಅವನು ರಾಬರ್ಟ್‌ನ ಮೇಲೆ ಆಪಾದನೆಗಳ ಪಟ್ಟಿಯನ್ನೇ ಸಲ್ಲಿಸಿದನು. ಆತ ಕುಡುಕ, ಸೋಮಾರಿ, ಹಣ ನಿಭಾಯಿಸಲಾರ, ಆತನ ಮಾತೂ ಕೈಬರಹವೂ ಅರ್ಥವಾಗದು. ಅದರ ಜೊತೆಗೆ ಮತ್ತೊಂದು ವಾದವನ್ನೂ ಹೂಡಿದನು: ಕಲಾವಿದೆಯಾಗಿ ಬೆಳೆದ ಕ್ಲಾರಾ ಮನೆವಾರ್ತೆ ನಡೆಸಲು ಯೋಗ್ಯಳಲ್ಲ! ಹೀಗೆ ತನ್ನ ಶಿಕ್ಷಣದ ಸಾಫಲ್ಯವನ್ನೇ ಅವನು ಮಗಳ ವಿರುದ್ಧ ಸಾಕ್ಷ್ಯವಾಗಿ ಮಂಡಿಸಿದನು. 1839ರ ಡಿಸೆಂಬರ್ 18ರ ವಿಚಾರಣೆಯಲ್ಲಿ ಅವನ ಕೂಗಾಟ ಮಿತಿಮೀರಿ, ನ್ಯಾಯಾಧೀಶರು ಸುಮ್ಮನಿರಿಸಬೇಕಾಯಿತು. ತನ್ನ ಆಪಾದನೆಗಳ ಪ್ರತಿಗಳನ್ನು, ಮಗಳು ಕಚೇರಿ ನೀಡಬೇಕಿದ್ದ ಊರುಗಳಿಗೂ ಅವನು ಹಂಚಿಸಿದನು. ಕ್ಲಾರಾ ಆ ಊರುಗಳಿಗೆ ಹೋಗಿಯೇ ನುಡಿಸಿದಳು.

1840ರ ಜನವರಿಯಲ್ಲಿ ನ್ಯಾಯಾಲಯವು ಕುಡಿತದ ಆಪಾದನೆಯೊಂದನ್ನು ಬಿಟ್ಟು ಉಳಿದೆಲ್ಲ ಆಕ್ಷೇಪಣೆಗಳನ್ನು ತಳ್ಳಿಹಾಕಿತು. ಆ ಒಂದನ್ನು ಸಾಬೀತುಪಡಿಸುವ ಹೊಣೆಯನ್ನು ಆಪಾದನೆ ಮಾಡಿದವನ ಮೇಲೆಯೇ ಇರಿಸಿತು. ಮೇಲ್ಮನವಿಯೂ ವೀಕ್‌ಗೆ ಒದಗಲಿಲ್ಲ. ಪುರಾವೆಯೂ ಅವನಿಗೆ ಸಿಗಲಿಲ್ಲ. ಆ ನಡುವೆ ಯೇನಾ ವಿಶ್ವವಿದ್ಯಾಲಯ ರಾಬರ್ಟ್‌ನಿಗೆ ಡಾಕ್ಟರೇಟ್ ಪದವಿ ನೀಡಿತು. ಕೊನೆಗೆ ನ್ಯಾಯಾಲಯದ ಸಮ್ಮತಿ ದೊರೆತು, 1840ರ ಸೆಪ್ಟೆಂಬರ್ 12ರಂದು, ಕ್ಲಾರಾಳ ಇಪ್ಪತ್ತೊಂದನೆಯ ಹುಟ್ಟುಹಬ್ಬದ ಮುನ್ನಾದಿನ, ಲೈಪ್‌ಜಿಗ್ ಬಳಿಯ ಶೋನೆಫೆಲ್ಡ್‌ನ ಇಗರ್ಜಿಯಲ್ಲಿ ವಿವಾಹ ನೆರವೇರಿತು. ತಂದೆ ಮಗಳ ನಡುವೆ ಮಾತು ಮತ್ತೆ ಕೂಡಲು 1843ರವರೆಗೆ ಕಾಯಬೇಕಾಯಿತು.

ಇದು ದೂರದ ದೇಶದ, ಹಳೆಯ ಕಾಲದ ಮೊಕದ್ದಮೆ. ಆದರೆ ಅದು ಎತ್ತಿದ ಪ್ರಶ್ನೆಗಳಿಗೆ ನಮ್ಮ ಕಾನೂನೂ ಉತ್ತರ ಹುಡುಕುತ್ತಲೇ ಬಂದಿದೆ. 1956ರ ಹಿಂದೂ ಅಪ್ರಾಪ್ತವಯಸ್ಕತೆ ಮತ್ತು ಪಾಲಕತ್ವ ಅಧಿನಿಯಮದ ಪ್ರಕಾರ ಐದು ವರ್ಷ ತುಂಬದ ಮಗು ಸಾಮಾನ್ಯವಾಗಿ ತಾಯಿಯ ವಶದಲ್ಲಿರಬೇಕು. ಅದೇ ಕಾನೂನು ಸಹಜ ಪಾಲಕನ ಸ್ಥಾನವನ್ನು ಮೊದಲು ತಂದೆಗೆ, ಆತನ ‘ನಂತರ’ ತಾಯಿಗೆ ಕೊಟ್ಟಿತ್ತು. ಆ ‘ನಂತರ’ ಎಂಬುದಕ್ಕೆ ತಂದೆಯ ಮರಣಾನಂತರ ಎಂಬುದೊಂದೇ ಅರ್ಥವಲ್ಲ, ತಂದೆಯ ಅನುಪಸ್ಥಿತಿಯಲ್ಲಿ ಎಂಬ ಅರ್ಥವೂ ಉಂಟೆಂದು ಗೀತಾ ಹರಿಹರನ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿದ್ದು 1999ರಲ್ಲಿ. 1954ರ ವಿಶೇಷ ವಿವಾಹ ಅಧಿನಿಯಮದಡಿ, ಹದಿನೆಂಟು ತುಂಬಿದ ಹೆಣ್ಣು ಮತ್ತು ಇಪ್ಪತ್ತೊಂದು ತುಂಬಿದ ಗಂಡು ಮದುವೆಯಾಗಲು ತಂದೆತಾಯಿಯರ ಸಮ್ಮತಿಪತ್ರ ಬೇಕಿಲ್ಲ. ಮಗುವಿನ ದುಡಿಮೆಯ ವಿಷಯದಲ್ಲಿಯೂ ನಿಯಮವಿದೆ. 2017ರಲ್ಲಿ ತಿದ್ದುಪಡಿಯಾದ ಬಾಲಕಾರ್ಮಿಕ ನಿಯಮಗಳಂತೆ, ಬಾಲಕಲಾವಿದರಿಗೆ ಕಾರ್ಯಕ್ರಮದಿಂದ ಬರುವ ಆದಾಯದಲ್ಲಿ ಕನಿಷ್ಠ ಶೇಕಡಾ 20ರಷ್ಟನ್ನು ರಾಷ್ಟ್ರೀಕೃತ ಬ್ಯಾಂಕಿನಲ್ಲಿ ಮಗುವಿನ ಹೆಸರಿನಲ್ಲಿಯೇ ನಿಶ್ಚಿತ ಠೇವಣಿಯಾಗಿ ಇರಿಸಬೇಕು. ಹಾಡಿನ ಸ್ಪರ್ಧೆಗೆ, ದೂರದರ್ಶನದ ವೇದಿಕೆಗೆ ಮಗುವನ್ನು ಕರೆದೊಯ್ಯುವ ಎಷ್ಟು ಮನೆಗಳಿಗೆ ಈ ನಿಯಮ ಗೊತ್ತು? ಒಳ್ಳೆಯ ತಂದೆತಾಯಿಯರಿಗೂ ಇಂಥ ನಿಯಮದ ಅಗತ್ಯವಿದೆ. ವೀಕ್ ಕೂಡ ತನ್ನನ್ನು ಒಳ್ಳೆಯ ತಂದೆಯೆಂದೇ ನಂಬಿದ್ದನು.

ಗೆದ್ದ ಮೊಕದ್ದಮೆಯಿಂದ ಸ್ವಾತಂತ್ರ್ಯವೆಲ್ಲ ಕೈಗೆ ಬಂದಿತೆನ್ನಲಾಗದು. ಮದುವೆಯ ಮರುದಿನ ರಾಬರ್ಟ್ ಹೆಂಡತಿಗೆ ಒಂದು ದಿನಚರಿಯ ಪುಸ್ತಕ ಕೊಟ್ಟನು. ವಾರಕ್ಕೊಬ್ಬರಂತೆ ಇಬ್ಬರೂ ಸರದಿಯಲ್ಲಿ ಬರೆಯಬೇಕೆಂಬುದು ಒಪ್ಪಂದ. ತಂದೆಯ ಏಕಪಕ್ಷೀಯ ದಿನಚರಿಗಿಂತ ಇದು ದೊಡ್ಡ ಮುನ್ನಡೆ. ಆದರೆ ಮನೆಯ ಗೋಡೆಗಳು ತೆಳ್ಳಗಿದ್ದವು. ಗಂಡ ರಚನೆಯಲ್ಲಿ ತೊಡಗಿದ್ದಾಗ ಹೆಂಡತಿ ಪಿಯಾನೊ ಮುಟ್ಟುವಂತಿರಲಿಲ್ಲ. ಅಭ್ಯಾಸ ತಪ್ಪುತ್ತಿದೆ ಎಂಬ ಕೊರಗು ಆ ಪುಸ್ತಕದಲ್ಲೇ ಆಕೆಯ ಅಕ್ಷರದಲ್ಲಿ ದಾಖಲಾಗಿದೆ. ರಾಬರ್ಟ್‌ನಿಗೂ ಇದು ತಿಳಿಯದೆ ಇರಲಿಲ್ಲ. ಹೆಂಡತಿ ರಚಿಸಬೇಕೆಂದು ಆತ ಹುರಿದುಂಬಿಸುತ್ತಿದ್ದನು, ಪ್ರಕಾಶಕರಿಗೆ ಪತ್ರ ಬರೆಯುತ್ತಿದ್ದನು. 1841ರಲ್ಲಿ ಕವಿ ರ‍್ಯೂಕರ್ಟ್‌ನ ಕವಿತೆಗಳಿಗೆ ಸ್ವರ ಸಂಯೋಜಿಸಿದ ಹನ್ನೆರಡು ಗೀತೆಗಳ ಸಂಪುಟ ಇಬ್ಬರ ಹೆಸರಿನಲ್ಲಿ ಹೊರಬಂದಿತು. ಮೂರು ಗೀತೆಗಳು ಕ್ಲಾರಾಳವು. ಯಾವುವೆಂಬುದನ್ನು ಪುಸ್ತಕ ಹೇಳಲಿಲ್ಲ.

ಆಕೆಯ ಸ್ವಂತ ಮನಸ್ಸಿನಲ್ಲಿಯೇ ಒಂದು ತಡೆ ಇತ್ತು. 1839ರಲ್ಲಿ, ಮೊಕದ್ದಮೆಯ ನಡುವೆ, ತನಗೆ ರಚನಾಶಕ್ತಿ ಇದೆಯೆಂದು ಹಿಂದೆ ನಂಬಿದ್ದೆನಾದರೂ ಈಗ ಆ ನಂಬಿಕೆ ಬಿಟ್ಟೆನೆಂದೂ, ಹೆಣ್ಣಾದವಳು ರಚಿಸಬಯಸಬಾರದೆಂದೂ ಆಕೆ ದಿನಚರಿಯಲ್ಲಿ ಬರೆದುಕೊಂಡಿದ್ದಾಳೆ. ಈ ಬಾರಿ ಲೇಖನಿ ಆಕೆಯದೇ. ಆದರೆ ಮಾತು ಆ ಕಾಲದ್ದು. ಮೆಂಡೆಲ್‌ಸನ್‌ನ ಅಕ್ಕ ಫ್ಯಾನಿಯ ಕತೆಯೂ ಬೇರೆಯಲ್ಲ. ತಮ್ಮನಷ್ಟೇ ತರಬೇತಿ ಪಡೆದಿದ್ದರೂ ಆಕೆಯ ಕೆಲವು ಗೀತೆಗಳು ಅಚ್ಚಾದದ್ದು ತಮ್ಮನ ಹೆಸರಿನಲ್ಲಿ. ತನ್ನ ಹೆಸರಿನಲ್ಲಿಯೇ ಕೃತಿಗಳ ಸಂಪುಟಗಳನ್ನು ಪ್ರಕಟಿಸತೊಡಗಿದ್ದು 1846ರಲ್ಲಿ, ನಲವತ್ತು ದಾಟಿದ ಮೇಲೆ. ಮರುವರ್ಷವೇ ಆಕೆ ತೀರಿಕೊಂಡಳು.

ಕ್ಲಾರಾ ಬರೆದದ್ದು ಸಮಯ ಕದ್ದು. 1841ರಿಂದ 1854ರವರೆಗಿನ ಹದಿಮೂರು ವರ್ಷಗಳಲ್ಲಿ ಎಂಟು ಮಕ್ಕಳು ಹುಟ್ಟಿದರು. ಒಂದು ಗಂಡುಮಗು ಎಳವೆಯಲ್ಲೇ ತೀರಿಹೋಯಿತು. ಆ ನಡುವೆಯೇ 1844ರಲ್ಲಿ ರಷ್ಯಾದ ದೀರ್ಘ ಪ್ರವಾಸ. ಆ ನಡುವೆಯೇ 1846ರಲ್ಲಿ ಪಿಯಾನೊ, ಪಿಟೀಲು, ಚೆಲ್ಲೊ ವಾದ್ಯಗಳಿಗಾಗಿ ರಚಿಸಿದ, ಇಂದು ಆಕೆಯ ಉತ್ತಮ ಕೃತಿಗಳಲ್ಲೊಂದೆಂದು ಮನ್ನಣೆ ಪಡೆದ ‘ಟ್ರಿಯೊ’. ಆಕೆಯ ಧೈರ್ಯಕ್ಕೆ ಡ್ರೆಸ್ಡನ್ ನಗರದ ಒಂದು ರಾತ್ರಿ ಸಾಕ್ಷಿ. 1849ರ ಮೇ ತಿಂಗಳಲ್ಲಿ ಅಲ್ಲಿ ದಂಗೆ ಎದ್ದು, ಬಂಡಾಯಗಾರರು ಗಂಡಸರನ್ನು ತಮ್ಮ ಪಡೆಗೆ ಸೇರಿಸಿಕೊಳ್ಳುತ್ತಿದ್ದರು. ಆಗಲೇ ಮನಸ್ಸಿನ ಸ್ವಾಸ್ಥ್ಯ ಕುಂದಿದ್ದ ರಾಬರ್ಟ್‌ನನ್ನೂ ಹಿರಿಯ ಮಗಳನ್ನೂ ಕರೆದುಕೊಂಡು ಕ್ಲಾರಾ ಹಿತ್ತಲ ಬಾಗಿಲಿನಿಂದ ಊರು ಬಿಟ್ಟಳು. ಕಿರಿಯ ಮಕ್ಕಳು ಮನೆಯಲ್ಲೇ ಉಳಿದಿದ್ದರು. ಏಳು ತಿಂಗಳ ಗರ್ಭಿಣಿಯಾದ ಆಕೆ ಮತ್ತೆ ರಾತ್ರಿಯ ಕತ್ತಲಲ್ಲಿ ಹೊಲಗಳನ್ನು ದಾಟಿ, ಗುಂಡು ಹಾರುತ್ತಿದ್ದ ಊರೊಳಗೆ ಹೊಕ್ಕು, ನಿದ್ದೆಯಲ್ಲಿದ್ದ ಮಕ್ಕಳನ್ನು ಎಬ್ಬಿಸಿ ಕರೆತಂದಳು.

ಡ್ಯುಸೆಲ್‌ಡಾರ್ಫ್‌ನ ಹೊಸ ಮನೆಗೆ ಬಂದಾಗ, ಗಂಡನ ಕೋಣೆಗೆ ಸದ್ದು ಕೇಳಿಸದಂತೆ ಬೇರೆ ಅಂತಸ್ತಿನಲ್ಲಿ ಆಕೆಗೊಂದು ಕೋಣೆ ದೊರೆಯಿತು. 1853ರ ಬೇಸಿಗೆಯಲ್ಲಿ ಏನಾಯಿತೆಂಬುದು ಗಮನಾರ್ಹ. ಕೆಲವೇ ವಾರಗಳಲ್ಲಿ ರಾಬರ್ಟ್‌ನ ಒಂದು ರಾಗಭಾವವನ್ನು ಆಧರಿಸಿದ ಪಿಯಾನೊ ಕೃತಿ, ಪಿಯಾನೊಗಾಗಿ ಮೂರು ರೊಮಾನ್ಸ್‌ಗಳು, ಪಿಟೀಲು ಮತ್ತು ಪಿಯಾನೊಗಾಗಿ ಇನ್ನೂ ಮೂರು, ಆರು ಗೀತೆಗಳು. ಹೀಗೆ ನಾಲ್ಕು ಸಂಪುಟಗಳಿಗಾಗುವಷ್ಟು ರಚನೆಗಳು ಆಕೆಯ ಕೈಯಿಂದ ಹೊರಬಂದವು. ಆಕೆಗೆ ರಚನಾಶಕ್ತಿ ಇರಲಿಲ್ಲವೆ, ಅಥವಾ ಬಾಗಿಲು ಮುಚ್ಚಿಕೊಳ್ಳಬಹುದಾದ ಕೋಣೆ ಇರಲಿಲ್ಲವೆ ಎಂಬುದಕ್ಕೆ ಆ ಬೇಸಿಗೆಯೇ ಉತ್ತರ.

ಉತ್ತರ ದೊರೆತ ಮರುವರ್ಷವೇ ಬಾಳು ಕುಸಿಯಿತು. 1854ರ ಫೆಬ್ರವರಿ 27ರಂದು ಮತಿವಿಕಲತೆಗೆ ತುತ್ತಾದ ರಾಬರ್ಟ್ ರೈನ್ ನದಿಗೆ ಹಾರಿದನು. ದೋಣಿಯವರು ಎತ್ತಿ ಉಳಿಸಿದರು. ಬಾನ್ ಬಳಿಯ ಎಂಡೆನಿಶ್ ಚಿಕಿತ್ಸಾಲಯಕ್ಕೆ ಸೇರಿಸಲಾಯಿತು. ವೈದ್ಯರು ಎರಡು ವರ್ಷಕ್ಕೂ ಮಿಕ್ಕು ಹೆಂಡತಿಯ ಭೇಟಿಗೆ ಅವಕಾಶ ಕೊಡಲಿಲ್ಲ. 1856ರ ಜುಲೈಯಲ್ಲಿ ಕೊನೆಗೂ ಭೇಟಿಯಾಗಿ ಎರಡು ದಿನ ಕಳೆಯುವಷ್ಟರಲ್ಲಿ ಆತ ಕಣ್ಣುಮುಚ್ಚಿದನು. ಕಡೆಯ ಮಗು ಫೆಲಿಕ್ಸ್‌ನನ್ನು ಆತ ನೋಡಲೇ ಇಲ್ಲ. ಈ ಕಷ್ಟದ ದಿನಗಳಲ್ಲಿ ಯುವ ರಚನಕಾರ ಯೊಹಾನೆಸ್ ಬ್ರಾಮ್ಸ್ ಮನೆಗೂ ಮಕ್ಕಳಿಗೂ ಆಸರೆಯಾದನು. ಆ ಸ್ನೇಹ ಬಾಳಿನ ಕೊನೆಯವರೆಗೆ ಉಳಿಯಿತು.

ಮೂವತ್ತಾರರ ವಯಸ್ಸಿನಲ್ಲಿ ಏಳು ಮಕ್ಕಳ ಹೊಣೆ ಹೊತ್ತ ಕ್ಲಾರಾ, ಸಹಾಯಾರ್ಥ ಕಚೇರಿ ನಡೆಸುವೆವೆಂದ ಹಿತೈಷಿಗಳಿಗೆ ಬೇಡವೆಂದಳು. ತನ್ನ ಕೈಗಳಲ್ಲಿ ವಿದ್ಯೆಯಿತ್ತು, ದುಡಿಯುವೆನೆಂದಳು. ರೈಲಿನಲ್ಲಿ, ಬಂಡಿಯಲ್ಲಿ, ಚಳಿಗಾಲದ ಹಡಗಿನಲ್ಲಿ ಊರೂರು ತಿರುಗಿದಳು. ಇಂಗ್ಲೆಂಡಿಗೇ ಹತ್ತೊಂಬತ್ತು ಸಲ ಹೋಗಿಬಂದಳು. ಆಕೆಯ ಕಚೇರಿಗಳ ಮುದ್ರಿತ ಕಾರ್ಯಕ್ರಮ ಪತ್ರಿಕೆಗಳು ಸುಮಾರು 1300 ಇಂದಿಗೂ ರಾಬರ್ಟ್‌ನ ಹುಟ್ಟೂರಾದ ತ್ಸ್ವಿಕಾವ್‌ನಲ್ಲಿ ಸುರಕ್ಷಿತವಾಗಿವೆ. ಬೆರಳಿನ ಚಮತ್ಕಾರಕ್ಕೆ ಚಪ್ಪಾಳೆ ಗಿಟ್ಟಿಸುವ ಕೃತಿಗಳ ಬದಲು ಬಾಖ್, ಬೀಥೋವನ್, ಶೋಪಾನ್, ರಾಬರ್ಟ್ ಶೂಮನ್ ಇವರ ಗಂಭೀರ ಕೃತಿಗಳನ್ನು ಸಭಿಕರು ಕೇಳುವಂತೆ ಮಾಡಿದವರಲ್ಲಿ ಆಕೆ ಪ್ರಮುಖಳು. ಸ್ವರಲಿಪಿಯನ್ನು ಎದುರಿಗಿರಿಸಿಕೊಳ್ಳದೆ ನೆನಪಿನಿಂದಲೇ ನುಡಿಸುವ ಪದ್ಧತಿಯನ್ನು ಮೊದಲು ರೂಢಿಗೆ ತಂದವರಲ್ಲಿಯೂ ಆಕೆ ಒಬ್ಬಳು. 1878ರಲ್ಲಿ ಫ್ರಾಂಕ್‌ಫರ್ಟ್‌ನ ಹೋಖ್ ಸಂಗೀತ ವಿದ್ಯಾಲಯದ ಪ್ರಧಾನ ಪಿಯಾನೊ ಶಿಕ್ಷಕಿಯಾಗಿ ನೇಮಕಗೊಂಡು 1892ರವರೆಗೆ ಪಾಠ ಹೇಳಿದಳು. ಗಂಡನ ಸಮಗ್ರ ಕೃತಿಗಳನ್ನು ಸಂಪಾದಿಸಿದಳು.

ಈ ದುಡಿಮೆಗೆ ಮನೆಯ ಕಡೆಯಿಂದ ಬೆಲೆ ತೆರಬೇಕಾಯಿತು. ಮಕ್ಕಳು ವಸತಿಶಾಲೆಗಳಲ್ಲಿ, ಬಂಧುಗಳ ಮನೆಗಳಲ್ಲಿ ಬೆಳೆದರು. ತಾಯಿ ಅವರಿಗೆ ಹೆಚ್ಚಾಗಿ ಪತ್ರಗಳ ಮೂಲಕವೇ ದೊರೆತಳು. ಮಗ ಲೂಡ್ವಿಗ್ ಬುದ್ಧಿಭ್ರಮಣೆಯಿಂದ ಚಿಕಿತ್ಸಾಲಯ ಸೇರಿದನು. ಮಗಳು ಯೂಲಿ 1872ರಲ್ಲಿ, ಕವಿಯಾಗಬೇಕೆಂದಿದ್ದ ಫೆಲಿಕ್ಸ್ 1879ರಲ್ಲಿ, ಫರ್ಡಿನಾಂಡ್ 1891ರಲ್ಲಿ ತೀರಿಕೊಂಡರು. ಫರ್ಡಿನಾಂಡ್‌ನ ಮಕ್ಕಳ ಹೊಣೆಯೂ ಅಜ್ಜಿಯ ಮೇಲೆಯೇ ಬಿತ್ತು. 1891ರಲ್ಲಿ, ಎಪ್ಪತ್ತೊಂದರ ವಯಸ್ಸಿನಲ್ಲಿ, ಕೊನೆಯ ಸಾರ್ವಜನಿಕ ಕಚೇರಿ ನೀಡಿದ ಆಕೆ 1896ರ ಮೇ 20ರಂದು ನಿಧನಳಾದಳು. ಬಾನ್‌ನ ಹಳೆಯ ಸ್ಮಶಾನದಲ್ಲಿ ಗಂಡನ ಪಕ್ಕದಲ್ಲಿ ಆಕೆಯ ಸಮಾಧಿ ಇದೆ.

1854ರ ಬಳಿಕದ ನಲವತ್ತೆರಡು ವರ್ಷಗಳಲ್ಲಿ ಆಕೆ ಹೊಸದಾಗಿ ರಚಿಸಿದ್ದು ಬೆರಳೆಣಿಕೆಯಷ್ಟು ಮಾತ್ರ. 1853ರ ಬೇಸಿಗೆ ಮತ್ತೆ ಬರಲಿಲ್ಲ. ಸಂಖ್ಯೆಯೊಡನೆ ಪ್ರಕಟವಾದ ಸಂಪುಟಗಳು ಇಪ್ಪತ್ತಮೂರನೆಯ ಸಂಖ್ಯೆಯವರೆಗೆ ಮಾತ್ರ ಸಾಗಿದವು. ಉಳಿದ ಹಸ್ತಪ್ರತಿಗಳು ಪೆಟ್ಟಿಗೆಗಳಲ್ಲಿಯೇ ಉಳಿದವು. ಗಂಡನಿಗಾಗಿ ರಚಿಸಿದ್ದ ಪಿಯಾನೊ ಸೊನಾಟವೊಂದು ಅಚ್ಚಾದದ್ದು 1991ರಲ್ಲಿ. ಅದೇ ಕಾಲಕ್ಕೆ ಜರ್ಮನಿ ತನ್ನ ನೂರು ಮಾರ್ಕಿನ ನೋಟಿನ ಮೇಲೆ ಆಕೆಯ ಮುಖವನ್ನು ಮುದ್ರಿಸಿತು. ಹಿಂಬದಿಯಲ್ಲಿ ಪಿಯಾನೊ, ಅದರ ಹಿಂದೆ ಆಕೆ ಪಾಠ ಹೇಳಿದ ವಿದ್ಯಾಲಯ. ತನ್ನ ಸಂಪಾದನೆಯನ್ನು ತಂದೆಯಿಂದ ಬಿಡಿಸಿಕೊಳ್ಳಲು ಹೆಣಗಿದವಳ ಚಿತ್ರ ಒಂದು ದೇಶದ ಹಣದ ಮೇಲೆಯೇ ಬಂದಿತು.

ಮಕ್ಕಳಿಗೆ ಕ್ಲಾರಾಳ ಒಂದು ಕೃತಿಯನ್ನಾದರೂ ಕೇಳಿಸಬೇಕೆನ್ನುವವರು ಹದಿನಾರರ ಹರೆಯದಲ್ಲಿ ಆಕೆ ನುಡಿಸಿದ ಆ ಕನ್ಸರ್ಟೊದ ನಡುವಣ ಭಾಗವನ್ನು ಹುಡುಕಿ ಕೇಳಿಸಬಹುದು. ಅಲ್ಲಿಗೆ ಬಂದಾಗ ಇಡೀ ವಾದ್ಯವೃಂದ ಮೌನವಾಗುತ್ತದೆ. ಪಿಯಾನೊ ಒಂದೇ ಮಾತನಾಡುತ್ತದೆ. ಬಳಿಕ ಚೆಲ್ಲೊ ಒಂದು ಬಂದು ಜೊತೆಗೂಡುತ್ತದೆ. ಮಗಳ ದಿನಚರಿಯಲ್ಲಿ ತಂದೆ ಇನ್ನೂ ‘ನಾನು’ ಎಂದು ಬರೆಯುತ್ತಿದ್ದ ವರ್ಷಗಳಲ್ಲಿಯೇ, ಆ ಮನೆಯ ಇನ್ನೊಂದು ಕಾಗದದ ಮೇಲೆ ಆಕೆ ಇದನ್ನು ಬರೆದಿಟ್ಟಳು.